ಸಹಾಯ ಬೇಕು: ಒಸಿಡಿ (ಗೀಳು ಕಾಯಿಲೆ) ಇರುವ ಗಂಡ ಡಾಕ್ಟರ್ ಹತ್ತಿರ ಬರಲು ಒಪ್ಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ಗಂಡ ರಾತ್ರಿ ಗ್ಯಾಸ್ ರೆಗ್ಯುಲೇಟರ್ ಆಫ್ ಆಗಿದೆಯಾ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಾರೆ. ಮೊಬೈಲಲ್ಲಿ ಅದರ ಫೋಟೋ ತೆಗೆದುಕೊಂಡು ಬಂದು ಮಲಗಿದರೂ ಸಮಾಧಾನ ಇಲ್ಲ. "ನೀನೂ ನೋಡಿದೆ ತಾನೆ? ಆಫ್ ಇದೆ ಅಲ್ವಾ?" ಎಂದು ನನ್ನನ್ನು ಎಬ್ಬಿಸಿ ಕೇಳುತ್ತಾರೆ. ಹೌದು ಎಂದರೆ ಸ್ವಲ್ಪ ಹೊತ್ತು ನೆಮ್ಮದಿ, ಆಮೇಲೆ ಮತ್ತೆ ಅದೇ.

ಹೀಗೆ ಪ್ರತಿ ಸಲ ಧೈರ್ಯ ಹೇಳಿದರೆ ಒಸಿಡಿ ಇನ್ನೂ ಜಾಸ್ತಿ ಆಗುತ್ತದೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ತಿಳಿಸಿದರು. ಇಆರ್‌ಪಿ ಎಂಬ ಒಸಿಡಿ ಥೆರಪಿಯಲ್ಲಿ, ಭಯ ಬಂದರೂ ಚೆಕ್ ಮಾಡದೆ ಇರುವುದನ್ನು ನಿಧಾನವಾಗಿ ಅಭ್ಯಾಸ ಮಾಡಿಸುತ್ತಾರಂತೆ. ಡಾಕ್ಟರ್ ಹತ್ತಿರ ಹೋಗೋಣ ಎಂದರೆ ಇವರು ಮಾತ್ರ "ನನಗೇನು ಹುಚ್ಚಾ?" ಎಂದು ಎದ್ದು ಹೋಗುತ್ತಾರೆ. ತುಂಬಾ ಒಳ್ಳೆಯ ಮನುಷ್ಯ, ಒಳಗೊಳಗೇ ನರಳುತ್ತಿದ್ದಾರೆ.

ಒಪ್ಪದವರನ್ನು ನಿಮ್ಮ ಮನೆಯಲ್ಲಿ ಹೇಗೆ ಒಪ್ಪಿಸಿದಿರಿ? ಜಗಳ ಆಗದ ಹಾಗೆ ಉತ್ತರ ಕೊಡುವುದನ್ನು ನಿಲ್ಲಿಸುವುದು ಹೇಗೆ? ನಿಮ್ಹಾನ್ಸ್‌ನ ಒಸಿಡಿ ಕ್ಲಿನಿಕ್‌ಗೆ ಮೊದಲು ನಾನೊಬ್ಬಳೇ ಹೋಗಿ ಮಾತಾಡಬಹುದಾ?