ಅಪ್‌ಡೇಟ್: ಸರ್ವಿಸ್ ಡಾಗ್ ಜೊತೆ ಬಂದ ಗೆಸ್ಟ್

ಅಮೆರಿಕದ ಡಲ್ಲಾಸ್ ಹತ್ತಿರ ನಾವು ಗೆಸ್ಟ್‌ಗಳಿಗೆ ಬಾಡಿಗೆ ಕೊಡುವ ಮನೆಗೆ ಸಾಕುಪ್ರಾಣಿ ಬೇಡ ಅಂತ ಹಾಕಿದ್ದೇವೆ, ಗೆಸ್ಟ್ ಒಬ್ಬರು ಸರ್ವಿಸ್ ಡಾಗ್ (ಅಂಗವೈಕಲ್ಯ ಇರುವವರಿಗೆ ನೆರವಾಗಲು ಕೆಲಸ ಕಲಿಸಿದ ನಾಯಿ) ತರುತ್ತಾರಂತೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ಅವರು ಬಂದು ಹೋದರು, ಏನೂ ತೊಂದರೆ ಆಗಲಿಲ್ಲ.

ಕೆಲಸಕ್ಕೆ ಬಂದಿದ್ದು "ಎರಡೇ ಪ್ರಶ್ನೆ ಕೇಳಿ" ಅನ್ನೋ ಸಲಹೆ. ಅಂಗವೈಕಲ್ಯದ ಕಾರಣಕ್ಕೆ ನಾಯಿ ಬೇಕೇ? ಅದಕ್ಕೆ ಯಾವ ಕೆಲಸ ಕಲಿಸಿದ್ದಾರೆ? ಅಂಗವೈಕಲ್ಯ ಇರುವವರ ಹಕ್ಕು ಕಾಯುವ ಅಮೆರಿಕದ ಎಡಿಎ ಕಾನೂನಿನಲ್ಲಿ ಇಷ್ಟು ಕೇಳಬಹುದು. "ಶುಗರ್ ಇಳಿದರೆ ಮೂಗಿನಿಂದ ತಿವಿದು ಎಬ್ಬಿಸುತ್ತೆ" ಅಂದರು. ಅಲ್ಲಿಗೆ ಮುಗೀತು.

ಸರ್ಟಿಫಿಕೇಟ್ ಕೇಳಿ ಅಂದಿದ್ದರು ಕೆಲವರು. ಹಾಗೆ ಕೇಳುವಂತಿಲ್ಲ. ಸರ್ವಿಸ್ ಡಾಗ್‌ಗೆ ಕೇಂದ್ರ ಸರ್ಕಾರದ ನೋಂದಣಿಯೇ ಇಲ್ಲ, ಗೊತ್ತಾ! ಆನ್‌ಲೈನ್‌ನಲ್ಲಿ ಮಾರುವ ಐಡಿ ಕಾರ್ಡ್ ಸುಮ್ನೆ ದುಡ್ಡು ದಂಡ. ಪೆಟ್ ಫೀ ಹಾಕುವ ಐಡಿಯಾನೂ ನಡೆಯಲ್ಲ. ಆದರೆ ನಾಯಿ ಸೋಫಾ ಹರಿದರೆ, ಬೇರೆ ಗೆಸ್ಟ್‌ಗಳ ಹತ್ತಿರ ವಸೂಲಿ ಮಾಡುವ ಹಾಗೇ ಇವರ ಹತ್ತಿರವೂ ಮಾಡಬಹುದು.

ಬರೀ ಮನಸ್ಸಿನ ಸಮಾಧಾನಕ್ಕೆ ಇಟ್ಟುಕೊಂಡ ನಾಯಿ ಎಡಿಎ ಪ್ರಕಾರ ಸರ್ವಿಸ್ ಡಾಗ್ ಅಲ್ಲ. ಕೆಲವು ರಾಜ್ಯಗಳಲ್ಲಿ ನಿಯಮ ಬೇರೆ, ನಿಮ್ಮದು ನೋಡಿಕೊಳ್ಳಿ.

ನಾಯಿಯ ಕಾಲೊರೆಸಲು ಬಾಗಿಲ ಹತ್ತಿರ ಹಳೇ ಟವಲ್ ಇಟ್ಟಿದ್ದೆ. ಹೋಗುವಾಗ ಒಗೆದು, ಮಡಚಿ ಇಟ್ಟಿದ್ದರು. ಕಾರ್ಪೆಟ್ ಮೇಲೆ ಕೂದಲು ಮಾತ್ರ ಜಾಸ್ತಿ ಇತ್ತು, ಕ್ಲೀನಿಂಗ್‌ಗೆ ಸ್ವಲ್ಪ ಹೆಚ್ಚು ಟೈಮ್ ಇಟ್ಟುಕೊಳ್ಳಿ.