ಪದಚರ್ಚೆ: ‘ಕ್ಲ್ಯಾನ್ ಲೀಡರ್’ಗೆ ಕನ್ನಡದಲ್ಲಿ ಏನಂತೀರಿ? (ಬುಕುಸು, ಕೀನ್ಯಾ) ಸ್ವಲ್ಪ ಅರ್ಜೆಂಟ್

ಸ.ಮ. ಬರೆದದ್ದು:

ಗೆಳೆಯರೇ, ನಾಳೆ ಬೆಳಿಗ್ಗೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು. ಶಾಲಾ ಮಕ್ಕಳಿಗಾಗಿ ಆಫ್ರಿಕಾದ ಇತಿಹಾಸದ ಒಂದು ಪ್ರದರ್ಶನ. ಅದರಲ್ಲಿ ಒಂದು ಫಲಕ ಪಶ್ಚಿಮ ಕೀನ್ಯಾದ ಬುಕುಸು ಜನರದ್ದು. ಎಲ್ಗನ್ ಬೆಟ್ಟದ ತಪ್ಪಲು, ಈಗಿನ ಬುಂಗೋಮಾ ಕಡೆಯವರು. ಬ್ರಿಟಿಷರ ಆಳ್ವಿಕೆಗೆ ಮುಂಚೆ ಅಲ್ಲಿದ್ದ ಮುಕಿತೆ ವಾ ನಮೆಮೆ ಎಂಬುವನ ಪರಿಚಯ ಹಾಕಬೇಕು. ಮೂಲದಲ್ಲಿ ‘ಕ್ಲ್ಯಾನ್ ಲೀಡರ್’ ಅಂತಿದೆ. ಹಿರಿಯರ ಕಾಲದ ನೆಲವನ್ನು ಕಾಯ್ದವನು, ಅದನ್ನು ದೊಡ್ಡದು ಮಾಡಿದವನು ಎಂಬ ಅರ್ಥ ಬರಬೇಕು. ಸದ್ಯಕ್ಕೆ ನನ್ನ ಹತ್ತಿರ ಇರುವುದು: ‘ಪಿತ್ರಾರ್ಜಿತ ಪ್ರದೇಶವನ್ನು ರಕ್ಷಿಸಿ ವಿಸ್ತರಿಸಿದ ಬುಡಕಟ್ಟಿನ ಪಾಳೆಯಗಾರ’. ನಡೆಯುತ್ತಾ? ಜಾಗ ಎರಡೇ ಸಾಲು.

ಕೆ.ಜಿ. ಉತ್ತರ:

ನಡೆಯಲ್ಲ.

‘ಬುಡಕಟ್ಟು’ ಅಂದರೆ ಇಡೀ ಬುಕುಸು ಜನ. ಅದರೊಳಗೆ ಹತ್ತಾರು ಕುಲಗಳಿವೆ. ಒಂದೇ ಕುಲದೊಳಗೆ ಮದುವೆ ಇಲ್ಲ, ತಾಯಿಯ ಕುಲದಿಂದಲೂ ಹೆಣ್ಣು ತರುವಂತಿಲ್ಲ. ನೀವು ಕೇಳುತ್ತಿರುವುದು ಆ ಒಳಗಿನ ತುಂಡಿನ ಬಗ್ಗೆ.

‘ಪಾಳೆಯಗಾರ’ ಇನ್ನೂ ತಪ್ಪು. ಪಾಳೆಯಗಾರನ ಮೇಲೊಬ್ಬ ದೊರೆ ಇರುತ್ತಾನೆ, ಅವನಿಗೆ ಕಪ್ಪ ಹೋಗುತ್ತೆ, ದಂಡು ಕರೆದಾಗ ಹೋಗಬೇಕು. ಬುಕುಸುಗಳ ಮೇಲೆ ದೊರೆಯೇ ಇರಲಿಲ್ಲ. ದಕ್ಷಿಣಕ್ಕೆ ವಾಂಗಾದಲ್ಲಿ ನಬೊಂಗೊ ಎಂಬ ಅರಸು ಪದವಿ ಇತ್ತು, ಇವರಲ್ಲಿ ಅಂಥದ್ದಿಲ್ಲ. ಊರಿನ ಮುಖ್ಯಸ್ಥನಿಗೆ ಒಮುಕಾಸಾ ಅಂತಾರೆ. ಊರ ಗಂಡಸರು ಸೇರಿ ಆರಿಸುತ್ತಿದ್ದರು. ಮಾತು ಬಲ್ಲವನು, ಜಗಳ ಬಿಡಿಸುವವನು, ಅನ್ನ ಹಾಕುವವನು, ಯುದ್ಧದಲ್ಲಿ ಮುಂದೆ ನಿಲ್ಲುವವನು ಆಗಿರಬೇಕು. ‘ಪಾಳೆಯಗಾರ’ ಅಂತ ಬರೆದರೆ ಮಕ್ಕಳ ಕಣ್ಣ ಮುಂದೆ ಚಿತ್ರದುರ್ಗವೇ ಬರೋದು.

‘ಪಿತ್ರಾರ್ಜಿತ’ವನ್ನೂ ತೆಗೆಯಿರಿ. ಅದು ಪಾಲುಪಟ್ಟಿಯ ಮಾತು. ಕೋರ್ಟು, ಅಣ್ಣತಮ್ಮಂದಿರು, ಸಬ್ ರಿಜಿಸ್ಟ್ರಾರ್ ಆಫೀಸು ನೆನಪಾಗುತ್ತೆ.

ವೆಂ.ಶಿ. ಉತ್ತರ:

ಕೆ.ಜಿ. ಸರ್ ಹೇಳಿದ್ದರಲ್ಲೇ ಉತ್ತರ ಇದೆ, ಅವರು ಕಾಣಲಿಲ್ಲ ಅಷ್ಟೆ. ಪದ ‘ಗೌಡ’. ಈಗಿನ ಗೌಡ ಅಲ್ಲ, ಶಾಸನದ ಗಾವುಂಡ. ಊರ ಕಾವಲಿಗೆ ನಿಂತವನು, ತುರುಗೋಳಿನಲ್ಲಿ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತು ವೀರಗಲ್ಲಾದವನು. ಬುಕುಸುಗಳದ್ದೂ ದನದ ಬದುಕು, ದನಕ್ಕಾಗಿಯೇ ಕಾಳಗ. ಇದಕ್ಕಿಂತ ಹತ್ತಿರದ ಪದ ಎಲ್ಲಿದೆ? ‘ಗ್ರಾಮಕೂಟ’ದಿಂದ ಬಂತು ಅಂತ ಕೆಲವರು ಹೇಳುತ್ತಾರೆ, ನನಗೆ ಒಪ್ಪಿಗೆ ಇಲ್ಲ. ಅದು ‘ಕಾವ’ ಧಾತುವಿನದೇ.

ಇನ್ನೊಂದು. ‘ಒಮುಕಾಸಾ’ದಲ್ಲಿ ‘ಮುಖ’ ಕಾಣುತ್ತಿಲ್ಲವೇ? ಮುಖಸ್ಥ, ಮುಖ್ಯಸ್ಥ. ಸುಮ್ನೆ ತಳ್ಳಿಹಾಕಬೇಡಿ.

ಕೆ.ಜಿ. ಉತ್ತರ:

ತಳ್ಳಿಹಾಕುತ್ತೇನೆ. ‘ಒಮು’ ಏಕವಚನದ ಮುನ್ನೊಟ್ಟು, ‘ಬಾ’ ಬಹುವಚನದ್ದು. ಒಮುಕಾಸಾ, ಬಾಕಾಸಾ. ಒಮುಬುಕುಸು, ಬಾಬುಕುಸು. ನುಡಿಗೆ ಲುಬುಕುಸು. ಮುನ್ನೊಟ್ಟು ತೆಗೆದರೆ ನಿಮ್ಮ ‘ಮುಖ’ವೂ ಹೋಯಿತು. ಹೀಗೇ ಹೋದರೆ ‘ಬಾಬುಕುಸು’ವಿನಲ್ಲಿ ‘ಬಾಬು’ ಕೂಡ ಸಿಗುತ್ತಾನೆ.

ಗೌಡ ಅಂತ ಬರೆದ ಫಲಕ ಮಂಡ್ಯದಲ್ಲಿ ನಿಲ್ಲಿಸಿ, ಮಕ್ಕಳು ಏನು ಕೇಳುತ್ತಾರೆ ನೋಡಿ.

ನಾ.ಬ. ಉತ್ತರ:

ಇಷ್ಟು ಜನ ಇಷ್ಟು ಬರೆದರೂ ‘ಮುಂದಾಳು’ ಯಾರ ಬಾಯಲ್ಲೂ ಬರಲಿಲ್ಲ. ನಾಯಕ, ಮುಖ್ಯಸ್ಥ ಸಂಸ್ಕೃತ. ಪಾಳೆಯಗಾರದ ‘ಗಾರ’ವೂ ‘ಕಾರ’ದಿಂದಲೇ. ಪಟೇಲ, ಸರದಾರ ಹೊರಗಿನವು. ನಮ್ಮ ಪದ ಇರುವಾಗ ಸಾಲ ಯಾಕೆ? ಕ್ಲ್ಯಾನ್ ಅಂದರೆ ‘ಬಳಿ’ ಅಥವಾ ‘ಬೆಡಗು’. ‘ಬೆಡಗಿನ ಮುಂದಾಳು’. ಮುಗೀತು.

ಶಾ.ಪ. ಉತ್ತರ:

ಸರ್, ‘ಬೆಡಗಿನ ಮುಂದಾಳು’ ಅಂದರೆ ನನ್ನ ಮಗಳಂತೂ ಸಿನಿಮಾ ಹೀರೋ ಅಂದುಕೊಳ್ಳುತ್ತಾಳೆ. ‘ಬಳಿಯ ಮುಂದಾಳು’ ಅಂದರೆ ಪಕ್ಕದಲ್ಲಿ ನಿಂತವನು. ಒಳ್ಳೆಯ ಪದಗಳೇ, ಬಳಕೆ ಇರುವ ಜನರ ನಡುವೆ. ಫಲಕದಲ್ಲಿ ಒಂಟಿಯಾಗಿ ನಿಲ್ಲಲ್ಲ.

ಕೊಡಗಿನ ಕಡೆಯವಳಾಗಿ ನನಗೆ ‘ಒಕ್ಕ’, ‘ಪಟ್ಟೆದಾರ’ ಹೊಳೆಯಿತು. ಆದರೆ ಪಟ್ಟೆದಾರ ವಯಸ್ಸಿನಿಂದ ಆಗುವವನು, ಒಕ್ಕದ ಹಿರಿಯ ಗಂಡಸು. ಇವನನ್ನು ಆರಿಸುತ್ತಾರೆ ಅಂತೀರಿ. ಹಾಗಾಗಿ ನಾನೇ ಕೈಬಿಟ್ಟೆ.

ನಾ.ಬ. ಉತ್ತರ:

ಪಟ್ಟೆದಾರದ ‘ದಾರ’ ಪಾರ್ಸಿ. ಕೈಬಿಟ್ಟದ್ದು ಒಳ್ಳೆಯದಾಯಿತು.

ಶಾ.ಪ. ಉತ್ತರ:

ಅದಕ್ಕೆ ಬಿಟ್ಟಿದ್ದಲ್ಲ ಸರ್. ಹೋದ ವಾರ ನೀವೇ ‘ಸಾಲದ ಪದಗಳು ಜಾಸ್ತಿ ಆದವು’ ಅಂತ ಬರೆದಿದ್ದಿರಿ. ‘ಜಾಸ್ತಿ’ ಎಲ್ಲಿಂದ ಬಂತು, ನೋಡಿಕೊಳ್ಳಿ.

ಸ.ಮ. ಬರೆದದ್ದು:

ದಯವಿಟ್ಟು ಫಲಕಕ್ಕೆ ಬನ್ನಿ. ಪ್ರೆಸ್ಸಿನವರು ಫೋನ್ ಮಾಡುತ್ತಿದ್ದಾರೆ. ‘ಬುಕುಸು ಚೀಫ್’ ಅಂತ ಹಾಕಿಬಿಡಲಾ? ಎಲ್ಲರಿಗೂ ಅರ್ಥ ಆಗುತ್ತೆ.

ಕೆ.ಜಿ. ಉತ್ತರ:

ಅದೊಂದು ಮಾತ್ರ ಬೇಡ. ಸಾಲದ ಪದ ಅಂತಲ್ಲ, ಆ ಪದಕ್ಕೆ ಕೀನ್ಯಾದಲ್ಲಿ ಬೇರೆ ಕೆಲಸ ಇದೆ. 1895ರಲ್ಲಿ ಬ್ರಿಟಿಷ್ ಅಧಿಕಾರಿ ಹಾಬ್ಲಿಯ ದಂಡು ಬಂತು, ಲುಂಬೋಕಾ ಮತ್ತು ಚೆತಾಂಬೆ ಕೋಟೆಗಳಲ್ಲಿ ಬುಕುಸುಗಳು ನಿಂತು ಕಾದಿದರು, ಮ್ಯಾಕ್ಸಿಮ್ ಬಂದೂಕಿನ ಮುಂದೆ ಸೋತರು. ಆಮೇಲೆ 1902ರ ಕಾಯ್ದೆ ಹಳ್ಳಿಗೊಬ್ಬ ಸರ್ಕಾರಿ ಮುಖ್ಯಸ್ಥನನ್ನು ನೇಮಿಸಲು ದಾರಿ ಮಾಡಿತು. ಬುಕುಸುಗಳ ಮೇಲೆ ವಾಂಗಾ ಮನೆತನದವರನ್ನೇ ತಂದು ಕೂರಿಸಿದರು. ಅವರು ಚೀಫ್‌ಗಳು. ಕಂದಾಯ ಎತ್ತುವವರು, ಕೂಲಿಗೆ ಆಳು ಒದಗಿಸುವವರು. ಇಂದಿಗೂ ಅಲ್ಲಿ ಚೀಫ್ ಅಂದರೆ ಸರ್ಕಾರಿ ಹುದ್ದೆ. ಅದಕ್ಕಿಂತ ಮುಂಚಿನವನಿಗೆ ಅದೇ ಹೆಸರು ಕೊಟ್ಟರೆ, ಅವನನ್ನೂ ಬ್ರಿಟಿಷರೇ ನೇಮಿಸಿದ ಹಾಗೆ ಓದಿಸುತ್ತೆ. ಇದೇ ಕಾರಣಕ್ಕೆ ‘ಪಟೇಲ’ನೂ ಬೇಡ.

‘ವಿಸ್ತರಿಸಿದ’ದ ಬಗ್ಗೆಯೂ ಒಂದು ಮಾತು. ರಾಜರ ದಿಗ್ವಿಜಯದ ಧ್ವನಿ ಅದಕ್ಕಿದೆ. ಅಲ್ಲಿ ನಡೆಯುತ್ತಿದ್ದದ್ದು ಬೇರೆ. ಮಣ್ಣಿನ ಗೋಡೆ ಎಬ್ಬಿಸಿ, ಸುತ್ತ ಕಂದಕ ತೋಡಿ, ಒಳಗೆ ಮನೆಗಳು, ರಾತ್ರಿ ದನವೂ ಒಳಗೇ. ಇದು ಅವರ ಕೋಟೆಯೂರು. ಲುಕೋಬಾ ಅಂತಾರೆ. ಒಂದು ಕಡೆ ತೆಸೊ ಜನ, ಬೆಟ್ಟದ ಮೇಲೆ ಸಬಾವೊಟ್, ಪೂರ್ವಕ್ಕೆ ನಂದಿ ಮತ್ತು ಮಾಸಾಯಿ. ಆಚೆಗೆ ಹೋಗಿ ಇನ್ನೊಂದು ಲುಕೋಬಾ ಕಟ್ಟಿ, ಅದನ್ನು ಉಳಿಸಿಕೊಂಡರೆ ಅಷ್ಟು ನೆಲ ತಮ್ಮದು. ಗೆದ್ದು ಕಪ್ಪ ತಗೊಳ್ಳೋದಲ್ಲ, ಹೋಗಿ ನೆಲೆ ನಿಲ್ಲೋದು. ಹಾಗಾಗಿ ‘ಹೊಸ ನೆಲ ಸೇರಿಸಿದ’ ಸಾಕು.

ವೆಂ.ಶಿ. ಉತ್ತರ:

ಕೋಟೆಯೂರು, ಕಂದಕ, ಒಳಗೆ ದನ. ಗಾವುಂಡ ಅಂತ ನಾನು ಹೇಳಿದಾಗ ನಕ್ಕಿರಿ.

ಸ.ಮ. ಬರೆದದ್ದು:

ಕಳಿಸಿದೆ. ‘ಮುಕಿತೆ ವಾ ನಮೆಮೆ, ಬುಕುಸು ಕುಲವೊಂದರ ಮುಂದಾಳು. ಹಿರೀಕರ ನೆಲ ಕಾಯ್ದ, ಹೊಸ ನೆಲ ಸೇರಿಸಿದ.’ ಸರಿಯಾಗಿ ಎರಡು ಸಾಲು. ‘ಮುಖ್ಯಸ್ಥ’ ಹಾಕಿದರೆ ಮೂರನೇ ಸಾಲಿಗೆ ಇಳಿಯುತ್ತಿತ್ತು, ಅದಕ್ಕೇ ‘ಮುಂದಾಳು’. ನಾ.ಬ. ಅವರಿಗೆ ಥ್ಯಾಂಕ್ಸ್.

ನಾ.ಬ. ಉತ್ತರ:

ತತ್ವಕ್ಕಾಗಿ ಅಲ್ಲ, ಅಗಲ ಸಾಲದೆ! ಇರಲಿ. ಆದರೆ ‘ಕುಲ’ ಸಂಸ್ಕೃತ.

ಶಾ.ಪ. ಉತ್ತರ:

ದ್ರಾವಿಡ ಮೂಲ ಅಂತ ವಾದ ಮಾಡುವವರೂ ಇದ್ದಾರೆ ಸರ್. ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ. ಕುಲ ಅಂದ ಕೂಡಲೇ ಜಾತಿ ಅಂದುಕೊಳ್ಳುತ್ತಾರಲ್ಲ, ನನಗೆ ಅದೊಂದೇ ಚಿಂತೆ. ಕೆಳಗಿನ ವಿವರಣೆಯಲ್ಲಿ ‘ಒಂದೇ ಮೂಲಪುರುಷನ ವಂಶದವರು’ ಅಂತ ಸೇರಿಸಿ.

ಕೆ.ಜಿ. ಉತ್ತರ:

ಮತ್ತೆ ಆ ವಿವರಣೆಯಲ್ಲಿ ಎಲ್ಲಾದರೂ ‘ಬಾಬುಕುಸುಗಳು’ ಅಂತ ಇದ್ದರೆ ‘ಗಳು’ ತೆಗೆಯಿರಿ. ‘ಬಾ’ ಆಗಲೇ ಬಹುವಚನ. ‘ಕಿತೋಶ್’ ಅಂತ ಇದ್ದರೆ ಅದನ್ನೂ ತೆಗೆಯಿರಿ. ಹಳೆಯ ಬ್ರಿಟಿಷ್ ಕಡತಗಳಲ್ಲಿ ಅವರಿಗೆ ಆ ಹೆಸರಿದೆ. ಅದು ಹೊರಗಿನವರು ಇಟ್ಟದ್ದು, ಅವರಿಗೆ ಇಷ್ಟವಿಲ್ಲ.