ಬಾಡೆನ್-ವುರ್ಟೆಂಬರ್ಗ್ ಅಂದ್ರೆ ಒಂದೇ ರಾಜ್ಯವಾ, ಎರಡಾ?

ತೀರ್ಥಹಳ್ಳಿ ಹುಡುಗ:
ಎಲ್ರಿಗೂ ನಮಸ್ಕಾರ. ತಂಗಿಗೆ ಜರ್ಮನಿಯ ಫ್ರೈಬರ್ಗಲ್ಲಿ ಮಾಸ್ಟರ್ಸ್ ಸೀಟ್ ಸಿಕ್ಕಿದೆ, ಅಕ್ಟೋಬರಲ್ಲಿ ಹೊರಡ್ತಾಳೆ. ಅಮ್ಮ ದಿನಾ ಕೇಳ್ತಾರೆ ಅದು ಎಂತ ಊರು, ನಮ್ ಕಡೆ ತರ ಕಾಡು ಗುಡ್ಡ ಇದ್ಯಾ ಅಂತ. ಮ್ಯಾಪಲ್ಲಿ ನೋಡಿದ್ರೆ ಕೆಳಗೆ ಮೂಲೇಲಿದೆ, ಒಂದ್ಕಡೆ ಫ್ರಾನ್ಸು ಒಂದ್ಕಡೆ ಸ್ವಿಟ್ಜರ್ಲೆಂಡು. ರಾಜ್ಯಕ್ಕೆ ಎರಡು ಹೆಸರು ಯಾಕೆ? ಗೊತ್ತಿದ್ದವ್ರು ಹೇಳಿ, ಅಮ್ಮಂಗೆ ಓದಿ ಹೇಳ್ತೀನಿ.

ಸಾಗರದ ಅಕ್ಕ:
ಒಂದೇ ರಾಜ್ಯ ತಮ್ಮಾ, ಆದ್ರೆ ಒಂದಾಗಿದ್ದು 1952 ಏಪ್ರಿಲ್ 25ಕ್ಕೆ. ಮುಂಚೆ ಬಾಡೆನ್ ಬೇರೆ, ಅದಕ್ಕೆ ಕಾರ್ಲ್ಸ್‌ರೂಹೆ ರಾಜಧಾನಿ, ವುರ್ಟೆಂಬರ್ಗ್ ಬೇರೆ, ಅದಕ್ಕೆ ಸ್ಟುಟ್‌ಗಾರ್ಟ್, ಎರಡನೇ ಮಹಾಯುದ್ಧ ಆದ್ಮೇಲೆ ಅಮೆರಿಕದವ್ರು ಫ್ರೆಂಚರು ಹಂಚ್ಕೊಂಡು ಮೂರು ತುಂಡು ಮಾಡಿದ್ರು. 1951ರಲ್ಲಿ ಒಂದಾಗೋಣ್ವಾ ಅಂತ ಜನರ ಹತ್ರ ವೋಟ್ ಹಾಕಿಸಿದಾಗ ಫ್ರೈಬರ್ಗ್ ರಾಜಧಾನಿಯಾಗಿದ್ದ ದಕ್ಷಿಣ ಬಾಡೆನ್ನಲ್ಲಿ ಬೇಡ ಅಂದವ್ರೇ ಜಾಸ್ತಿ, ಆದ್ರೂ ಸೇರಿಸಿದ್ರು. ಆ ಬೇಜಾರು ಎಷ್ಟು ವರ್ಷ ಉಳೀತು ಅಂದ್ರೆ 1970ರಲ್ಲಿ ಬಾಡೆನ್ ಜನಕ್ಕೆ ಮತ್ತೆ ವೋಟ್ ಕೊಟ್ರು, ಆಗ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ಒಟ್ಟಿಗೇ ಇರ್ತೀವಿ ಅಂದ್ರು. ನಮ್ದು 1956ರಲ್ಲಿ ಏಕೀಕರಣ ಆಗಿ ಕರ್ನಾಟಕ ಅನ್ನೋ ಹೆಸರಿಗೆ 1973ರ ತನಕ ಕಾದ್ವಲ್ಲ, ಅವ್ರು ಎರಡೂ ಹೆಸರು ಇಟ್ಕೊಂಡ್ರು.

ಕಾಡಿನ ಚಿಂತೆ ಬೇಡ ಅಂತ ಅಮ್ಮಂಗೆ ಹೇಳು. ಫ್ರೈಬರ್ಗ್ ಇರೋದೇ ಬ್ಲ್ಯಾಕ್ ಫಾರೆಸ್ಟ್ ಬುಡದಲ್ಲಿ, ಅಲ್ಲಿನ ಎತ್ತರದ ಗುಡ್ಡ ಫೆಲ್ಡ್‌ಬರ್ಗ್ 1,493 ಮೀಟರ್, ನಮ್ಮ ಕೊಡಚಾದ್ರಿಗಿಂತ ಸ್ವಲ್ಪ ಎತ್ತರ. ಹಳೇ ಪೇಟೆ ಬೀದಿ ಬದೀಲೆಲ್ಲ ಡ್ರೈಸಾಮ್ ಹೊಳೆ ನೀರು ಸಣ್ಣ ಕಾಲುವೇಲಿ ಹರೀತಿರುತ್ತೆ, ನಂಗೆ ಅಡಿಕೆ ತೋಟದ ಬಸಿಗಾಲುವೆ ನೆನಪಾಗಿತ್ತು.

ಶಿವಮೊಗ್ಗದ ಮೇಷ್ಟ್ರು:
ನಿಮ್ಮ ತಾಲೂಕಿಂದೇ ಉದಾಹರಣೆ ಕೊಡ್ತೀನಿ. ಶರಾವತಿ ಹುಟ್ಟೋದು ಅಂಬುತೀರ್ಥದಲ್ಲಿ, ಹೋಗೋದು ಅರಬ್ಬಿ ಸಮುದ್ರಕ್ಕೆ, ಪೇಟೆ ಪಕ್ಕದ ತುಂಗೆ ಕೂಡ್ಲೀಲಿ ಭದ್ರೆ ಜೊತೆ ಸೇರಿ ಕೃಷ್ಣೆ ಮೂಲಕ ಬಂಗಾಳ ಕೊಲ್ಲಿಗೆ. ಅಲ್ಲೂ ಹಂಗೇ. ಡ್ಯಾನ್ಯೂಬ್ ಬ್ಲ್ಯಾಕ್ ಫಾರೆಸ್ಟಲ್ಲಿ ಹುಟ್ಟಿ ಪೂರ್ವಕ್ಕೆ ಕಪ್ಪು ಸಮುದ್ರಕ್ಕೆ ಹೋಗುತ್ತೆ, ರೈನ್ ಉತ್ತರ ಸಮುದ್ರಕ್ಕೆ. ಆದ್ರೆ ಇಮ್ಮೆಂಡಿಂಗನ್ ಹತ್ರ ನೆಲ ಸುಣ್ಣಕಲ್ಲಿಂದು, ಡ್ಯಾನ್ಯೂಬ್ ನೀರು ಅಲ್ಲೇ ಇಂಗಿ ಬೇಸಿಗೇಲಿ ಹೊಳೆ ಪೂರ್ತಿ ಒಣಗಿರುತ್ತೆ. ಆ ನೀರು ಎಲ್ಲಿ ಹೋಗುತ್ತೆ ಅಂತ 1877ರಲ್ಲಿ ಉಪ್ಪು, ಬಣ್ಣ ಹಾಕಿ ನೋಡಿದ್ರು, ಸುಮಾರು 12 ಕಿಲೋಮೀಟರ್ ದೂರದ ಆಖ್ ಊರಿನ ದೊಡ್ಡ ಒರತೇಲಿ ಎದ್ದು ಬಂತು. ಅಲ್ಲಿಂದ ಅದು ರೈನಿಗೆ ಸೇರುತ್ತೆ! ನೀರು ಇಂಗೋದು ಬಾಡೆನ್ನಲ್ಲಿ, ಕೆಳಗೆ ಒಣಗೋದು ವುರ್ಟೆಂಬರ್ಗಲ್ಲಿ, 1927ರಲ್ಲಿ ಕೋರ್ಟಿಗೇ ಹೋಗಿತ್ತು. ಕಾವೇರಿ ಕಂಡ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ.

ಕೊಪ್ಪದವನು:
ಒಂದು ಸೇರಿಸ್ತೀನಿ. 1843ರಲ್ಲಿ ಮಂಗಳೂರ ಸಮಾಚಾರ ತಂದ ಮೋಗ್ಲಿಂಗ್ ಹುಟ್ಟಿದ್ದು ವುರ್ಟೆಂಬರ್ಗಿನ ಬ್ರಾಕನ್‌ಹೈಮಲ್ಲಿ. 1894ರ ನಿಘಂಟಿನ ಕಿಟೆಲ್ ತೀರ್ಕೊಂಡಿದ್ದು 1903ರಲ್ಲಿ ಟ್ಯೂಬಿಂಗನ್ನಲ್ಲಿ. ತಂಗಿ ಬಿಡುವಾದಾಗ ಒಂದ್ಸಲ ಟ್ಯೂಬಿಂಗನ್ನಿಗೆ ಹೋಗಿ ಬರ್ಲಿ, ಕನ್ನಡದೋರು ಆ ಊರು ನೋಡ್ಬೇಕು.

ತೀರ್ಥಹಳ್ಳಿ ಹುಡುಗ:
ತುಂಬಾ ಥ್ಯಾಂಕ್ಸ್. ಅಮ್ಮಂಗೆ ಎಲ್ಲಾ ಓದಿದೆ, ಅಂಬುತೀರ್ಥದ್ದು ಎರಡು ಸಲ ಓದಿಸ್ಕೊಂಡ್ರು. ತಂಗಿ ಕೇಳ್ತಿದಾಳೆ, ಫ್ರೈಬರ್ಗಿಂದ ಡ್ಯಾನ್ಯೂಬ್ ಹುಟ್ಟೋ ಕಡೆ ಹೋಗೋದು ಹೆಂಗೆ?

ಸಾಗರದ ಅಕ್ಕ:
ಡೊನೌಎಶಿಂಗನ್ ತನಕ ರೈಲಲ್ಲೇ ಹೋಗ್ಬಹುದು, ದಾರಿ ಪೂರ್ತಿ ಘಾಟಿ. ಕಿಟಕಿ ಸೀಟ್ ಹಿಡೀಲಿ.